ಹಬ್ಬದಿಂದ ಹಿಂದಕ್ಕೆ ಎಣಿಸಿ ಬಿತ್ತುವ ಹೂವು

ರಾಯಚೂರಿನಿಂದ ವಾಡಿಯ ಕಡೆಗೆ ಹೊರಟ ರೈಲು ಹೊಳೆ ದಾಟಿದ ಮೇಲೆ ಸಿಗುವ ನಿಲ್ದಾಣದ ಹೆಸರೇ ಕೃಷ್ಣಾ. ಈ ದಂಡೆಯಲ್ಲಿ ಕರ್ನಾಟಕದ ದೇವಸೂಗೂರು, ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳು. ಆ ದಂಡೆಯಲ್ಲಿ ತೆಲಂಗಾಣದ ನಾರಾಯಣಪೇಟೆ ಜಿಲ್ಲೆ. ರಾಜ್ಯ ಬದಲಾದರೂ ಮಾತು ಬದಲಾಗುವುದಿಲ್ಲ. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಇನ್ನೂ ಕೆಳಗಿನ ಗದ್ವಾಲವಂತೂ 1956ರವರೆಗೆ ರಾಯಚೂರು ಜಿಲ್ಲೆಯ ತಾಲ್ಲೂಕೇ ಆಗಿತ್ತು.

ಎರಡು ಭಾಷೆಯ ಊರಿನಲ್ಲಿ ಹೂವಿನ ಖರ್ಚೂ ಎರಡು ಪಟ್ಟು. ಮಹಾಲಯ ಅಮಾವಾಸ್ಯೆಯ ದಿನ ತೆಲುಗರ ಮನೆಗಳಲ್ಲಿ ಬತುಕಮ್ಮ ಶುರು. ತಂಗಡಿ, ಗುನುಗು, ಬಂತಿ ಹೂಗಳನ್ನು ತಟ್ಟೆಯಲ್ಲಿ ಸುತ್ತು ಸುತ್ತಾಗಿ ಗೋಪುರದಂತೆ ಪೇರಿಸಿ, ಹೆಂಗಸರು ಸುತ್ತ ನಿಂತು ಚಪ್ಪಾಳೆ ತಟ್ಟಿ ಹಾಡುತ್ತಾರೆ. ಒಂಬತ್ತು ದಿನ ಆಡಿ ಕೆರೆಗೋ ಹೊಳೆಗೋ ಬಿಡುತ್ತಾರೆ. ತೆಲಂಗಾಣ ರಾಜ್ಯವಾದ 2014ರಲ್ಲೇ ಇದು ನಾಡಹಬ್ಬವೂ ಆಯಿತು. ಅದರ ಬೆನ್ನಿಗೆ ಆಯುಧಪೂಜೆ, ಬನ್ನಿ. ಇನ್ನು ಮೂರು ವಾರ ಕಳೆದರೆ ದೀಪಾವಳಿ. ಕನ್ನಡದ ಮನೆಗಳ ಹೊಸ್ತಿಲಲ್ಲಿ ಸೆಗಣಿಯ ಪಾಂಡವರು ಕೂರುತ್ತಾರೆ, ಅವರ ತಲೆಗೆ ಉತ್ತರಾಣಿ ಕಡ್ಡಿಯ ಜೊತೆ ಒಂದೊಂದು ಚಂಡು ಹೂವು ಸಿಕ್ಕಿಸಬೇಕು. ಬಂತಿ ಎಂದರೂ ಚಂಡು ಎಂದರೂ ಗಿಡ ಅದೇ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ತಿಂಗಳು ಅದು ಬಿಡುವಿಲ್ಲದೆ ಹೂ ಕೊಡುತ್ತಿರಬೇಕು.

ಚಂಡು ಹೂವಿಗೆ ಆರೈಕೆ ಬೇಕಿಲ್ಲ ಎಂಬ ಮಾತು ಎಲ್ಲ ಕಡೆ ಇದೆ. ಹಬ್ಬದ ಮಾಲೆ ಒಣಗಿದ ಮೇಲೆ ಹಿತ್ತಿಲಿಗೆ ಉದುರಿಸಿದರೆ ಮಳೆಗೆ ಸಸಿ ಏಳುತ್ತದೆ, ಸುಳ್ಳಲ್ಲ. ಆದರೆ ಹಾಗೆ ಎದ್ದ ಗಿಡ ತನಗೆ ಬೇಕಾದಾಗ ಅರಳುತ್ತದೆ, ನಮಗೆ ಬೇಕಾದಾಗಲ್ಲ. ಈ ಬೆಳೆಯ ಕಷ್ಟವೆಲ್ಲ ಕುಳಿತಿರುವುದು ತಾರೀಖಿನಲ್ಲಿ.

ಹೊಳೆದಂಡೆಯ ಒಕ್ಕಲಿಗ ಬಿತ್ತುವುದು ಮಳೆ ನಕ್ಷತ್ರ ನೋಡಿ. ಮಿರಗ, ಆರಿದ್ರ, ಪುನರ್ವಸು, ಪುಷ್ಯ ಎಲ್ಲವೂ ಸೂರ್ಯನ ಲೆಕ್ಕ. ಮಿರಗ ಪ್ರತಿ ವರ್ಷ ಜೂನ್ ಮೊದಲ ವಾರದ ಕೊನೆಗೇ ಹೂಡುತ್ತದೆ. ತೊಗರಿ, ಹತ್ತಿಗೆ ಅಷ್ಟು ಸಾಕು. ಹಬ್ಬವಾದರೋ ಚಂದ್ರನನ್ನು ಹಿಡಿದು ಬರುತ್ತದೆ. 2023ರಲ್ಲಿ ವಿಜಯದಶಮಿ ಅಕ್ಟೋಬರ್ 24ಕ್ಕೆ ಇತ್ತು, 2024ರಲ್ಲಿ 12ಕ್ಕೆ ಬಂತು, 2025ರಲ್ಲಿ 2ಕ್ಕೇ ಬಂದುಬಿಟ್ಟಿತು. ಅಧಿಕಮಾಸ ಬಿದ್ದ ವರ್ಷ ಮತ್ತೆ ಮುಂದಕ್ಕೆ ಜಿಗಿಯುತ್ತದೆ. ಹೋದ ವರ್ಷ ಆರಿದ್ರದಲ್ಲಿ ಹಾಕಿದ್ದು ಚೆನ್ನಾಗಿ ಬಂತೆಂದು ಈ ವರ್ಷವೂ ಆರಿದ್ರದಲ್ಲೇ ಹಾಕಿದವನ ಹೂವು ಹಬ್ಬಕ್ಕೆ ಮೊದಲೇ ಅರಳಿ ಮುಗಿಯಬಹುದು, ಇಲ್ಲವೇ ಹಬ್ಬ ಮುಗಿದ ಮರುದಿನ ಅರಳಬಹುದು. ಆ ಮರುದಿನದ ಹೂವಿಗೆ ಪೇಟೆಯಲ್ಲಿ ಏನು ಬೆಲೆ ಎಂಬುದನ್ನು ಬೆಳೆದವರಿಗೆ ಹೇಳಬೇಕಿಲ್ಲ.

ಸೂರ್ಯನ ಲೆಕ್ಕ ಈ ಸೀಮೆಗೆ ಹೊಸದಲ್ಲ. ಕೃಷ್ಣಾ ಮಂಡಲದ ಮುಡುಮಾಲಿನಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದಿನ ನಿಲುಸುಗಲ್ಲುಗಳಿವೆ. ಅವುಗಳ ಸಾಲುಗಳು ಅಯನದ ದಿನಗಳ ಸೂರ್ಯೋದಯ, ಸೂರ್ಯಾಸ್ತಕ್ಕೆ ಹೊಂದುತ್ತವೆ ಎನ್ನುತ್ತಾರೆ ಅಧ್ಯಯನ ಮಾಡಿದವರು. 2025ರಲ್ಲಿ ಆ ತಾಣ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿತು. ಬಿತ್ತನೆಗೆ ಕಲ್ಲು ನೋಡಿದರೂ ಸರಿ, ಮಳೆ ನಕ್ಷತ್ರ ನೋಡಿದರೂ ಸರಿ; ಚಂಡು ಹೂವಿಗೆ ಮಾತ್ರ ಪಂಚಾಂಗದ ಅಮಾವಾಸ್ಯೆಯೇ ಗತಿ.

ಲೆಕ್ಕ ಹೀಗೆ. ಈಗ ಪ್ಯಾಕೆಟ್ಟಿನಲ್ಲಿ ಸಿಗುವ ಹೈಬ್ರಿಡ್ ಬೀಜ ಮಡಿಯಲ್ಲಿ ನಾಲ್ಕು ವಾರ, ನಾಟಿಯಾದ ಮೇಲೆ ಏಳು ವಾರ, ಒಟ್ಟು ಸುಮಾರು 80 ದಿನಕ್ಕೆ ಹೂ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. 2025ರ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 21ಕ್ಕಿತ್ತು. ಹಿಂದಕ್ಕೆ ಎಣಿಸಿದರೆ ಬೀಜ ಚೆಲ್ಲಬೇಕಾದ್ದು ಜುಲೈ 3ಕ್ಕೆ, ಆರಿದ್ರದಲ್ಲಿ. ಅಧಿಕ ಜ್ಯೇಷ್ಠವಿರುವ 2026ರಲ್ಲಿ ಅಮಾವಾಸ್ಯೆ ಅಕ್ಟೋಬರ್ 10ಕ್ಕೆ. ಬಿತ್ತನೆ ಜುಲೈ 22ರ ಸುಮಾರಿಗೆ, ಪುಷ್ಯದಲ್ಲಿ. ಎಲ್ಲ ತಳಿಗೂ ಒಂದೇ ಲೆಕ್ಕವಿಲ್ಲ. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ನಾರಂಗಿ, ಪೂಸಾ ಬಸಂತಿಗಳಿಗೆ ನಾಲ್ಕು ತಿಂಗಳ ಮೇಲೇ ಬೇಕು. ಬೆಂಗಳೂರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅಗ್ನಿ, ಅರ್ಕಾ ಬಂಗಾರಗಳಲ್ಲಿ ಪರಾಗವೇ ಕಟ್ಟುವುದಿಲ್ಲವಾದ್ದರಿಂದ ಅವನ್ನು ಕುಡಿ ಕತ್ತರಿಸಿ ನೆಟ್ಟು ಹೆಚ್ಚಿಸುತ್ತಾರೆ. ಯಾವ ಬೀಜ ತಂದಿರಿ ಎಂದು ತಿಳಿಯದೆ ಎಣಿಕೆ ಶುರು ಮಾಡಬಾರದು.

ಹಗಲು ಕುಗ್ಗುತ್ತಾ ಬಂದಂತೆ ಚಂಡು ಹೂವಿಗೆ ಹುರುಪು. ಉದ್ದ ಹಗಲಿನಲ್ಲಿ ಸೊಪ್ಪು ಬೆಳೆಸಿಕೊಂಡು ನಿಂತ ಗಿಡ ಭಾದ್ರಪದ, ಆಶ್ವಯುಜದಲ್ಲಿ ಮೊಗ್ಗಿಗೆ ತಿರುಗುತ್ತದೆ. ಬೇಸಿಗೆಯಲ್ಲಿ ಬೆಳೆದರೂ ಅರಳೀತು, ಆದರೆ ಇಲ್ಲಿನ ಬಿಸಿಲಿಗೆ ಹೂ ಸಣ್ಣಗಾಗುತ್ತದೆ.

ಬೀಜ ಎಂದರೆ ಕಪ್ಪು ಸೂಜಿಯಂಥದ್ದು, ತುದಿಗೆ ಬಿಳಿ ಕುಚ್ಚು. ಅದನ್ನು ಆಳಕ್ಕೆ ಹೂಳಬಾರದು. ಮೇಲೆ ತೆಳ್ಳಗೆ ಮರಳು, ಗೊಬ್ಬರ ಉದುರಿಸಿದರೆ ವಾರದೊಳಗೆ ಮೊಳಕೆ. ಇರುವೆಗಳು ಬೀಜ ಹೊತ್ತೊಯ್ಯದಂತೆ ನೋಡಬೇಕು. ದಟ್ಟವಾಗಿ ಚೆಲ್ಲಿ ನೀರು ಜಾಸ್ತಿ ಕೊಟ್ಟರೆ ಸಸಿಗಳು ಬುಡ ಕೊಳೆತು ಗುಂಪಾಗಿ ಮಲಗುತ್ತವೆ. ಈ ಸೀಮೆಯಲ್ಲಿ ಎರೆ ಮಣ್ಣೂ ಇದೆ, ಕೆಂಪು ಮಸಾರಿಯೂ ಇದೆ. ಮಸಾರಿಯಲ್ಲಿ ಚಿಂತೆಯಿಲ್ಲ. ಎರೆಯಲ್ಲಿ ಮಾತ್ರ ಏರುಮಡಿ ಮಾಡಿ ಬೋದಿನ ಮೇಲೆ ನೆಡಲೇಬೇಕು. ಬೇರಿನ ಬಳಿ ಎರಡು ದಿನ ನೀರು ನಿಂತರೆ ಆರೋಗ್ಯವಾಗಿದ್ದ ಗಿಡ ನೋಡನೋಡುತ್ತಲೇ ಬಾಡುತ್ತದೆ. ಬಾಡಿತೆಂದು ಮತ್ತೆ ನೀರು ಹಾಕುವವರೇ ಹೆಚ್ಚು.

ನಾಲ್ಕೈದು ಎಲೆ ಬಂದ ಸಸಿಯನ್ನು ಸಂಜೆ ಹೊತ್ತು ನಾಟಿ ಮಾಡಬೇಕು. ಎತ್ತರದ ಚಂಡಿಗೆ ಗಿಡದಿಂದ ಗಿಡಕ್ಕೆ ಒಂದು ಮೊಳ, ಕುಳ್ಳು ಜಾತಿಗೆ ಒಂದು ಗೇಣು. ಕಟ್ಟಿದ ಹೂವನ್ನು ಅಳೆದು ಮಾರುವುದೂ ಮೊಳದಲ್ಲೇ, ಹಾಗಾಗಿ ಲೆಕ್ಕ ಮರೆಯುವ ಮಾತಿಲ್ಲ. ಕೊಟ್ಟಿಗೆ ಗೊಬ್ಬರ ಧಾರಾಳವಾಗಿರಲಿ. ಯೂರಿಯಾ ಮಾತ್ರ ಹಿಡಿದು ಹಾಕಿ. ಅದು ಹೆಚ್ಚಾದರೆ ಗಿಡ ಆಳೆತ್ತರ ಹೋಗಿ ಬರೀ ಸೊಪ್ಪಾಗುತ್ತದೆ.

ಮುಂದಿನ ಕೆಲಸಕ್ಕೆ ಎದೆ ಗಟ್ಟಿ ಬೇಕು: ಕುಡಿ ಚಿವುಟುವುದು. ನಾಟಿ ಮಾಡಿದ ಮೂರು, ನಾಲ್ಕನೆಯ ವಾರದಲ್ಲಿ ನಡುಕಾಂಡದ ತುದಿಯನ್ನು, ಅಲ್ಲಿ ಮೊದಲ ಮೊಗ್ಗು ಕಂಡಿದ್ದರೆ ಅದನ್ನೂ ಸೇರಿಸಿ, ಉಗುರಿನಲ್ಲಿ ಕಿತ್ತುಹಾಕಬೇಕು. ಕಂಡ ಮೊಗ್ಗನ್ನು ಕೀಳಲು ಯಾರಿಗೂ ಮನಸ್ಸು ಬರುವುದಿಲ್ಲ. ಬಿಟ್ಟರೆ ಒಂದೇ ಕೋಲು ನೆಟ್ಟಗೆ ಬೆಳೆದು ತುದಿಯಲ್ಲಿ ದೊಡ್ಡ ಹೂವೊಂದು ಅರಳಿ, ಪಕ್ಕದ ಕವಲುಗಳು ಸೊರಗುತ್ತವೆ. ಚಿವುಟಿದರೆ ಗಂಟು ಗಂಟಿನಿಂದ ಕವಲೊಡೆದು ಗಿಡ ಪೊದೆಯಾಗುತ್ತದೆ, ಪ್ರತಿ ಕವಲಿಗೂ ಹೂ. ಇದರಿಂದ ಹೂವು ಒಂದು ವಾರ, ಕೆಲವೊಮ್ಮೆ ಹೆಚ್ಚೇ, ತಡವಾಗುತ್ತದೆ; ಮೇಲಿನ 80 ದಿನದಲ್ಲಿ ಆ ವಾರವೂ ಸೇರಿದೆ. ಚಿವುಟಲು ತಡಮಾಡಿದವರು ಹಬ್ಬ ಹತ್ತಿರ ಬಂದ ಮೇಲೆ ಚಿವುಟುವುದಕ್ಕಿಂತ ಸುಮ್ಮನೆ ಬಿಡುವುದೇ ಲೇಸು.

ಕವಲೊಡೆದ ಗಿಡ ಹೂ ತುಂಬಿದಾಗ ಮಳೆಗಾಳಿಗೆ ಬುಡ ಸಮೇತ ಒರಗುತ್ತದೆ. ಚಂಡಿನ ಕಾಂಡ ಮಣ್ಣಿಗೆ ತಾಗಿದಲ್ಲೆಲ್ಲ ಬೇರು ಬಿಡುವ ಜಾತಿಯದು. ಕಳೆ ತೆಗೆಯುವಾಗಲೇ ಬುಡಕ್ಕೆ ಮಣ್ಣೇರಿಸಿದರೆ ಗಿಡ ಗಟ್ಟಿಯಾಗಿ ನಿಲ್ಲುತ್ತದೆ. ನೀರು ಬುಡಕ್ಕಿರಲಿ, ತಲೆಗೆ ಬೇಡ. ಅರಳಿದ ಹೂವಿನೊಳಗೆ ನೀರು ಕುಳಿತರೆ ಒಳಗಿಂದಲೇ ಕೊಳೆಯುತ್ತದೆ. ಹೂವನ್ನು ಬಿಸಿಲೇರುವ ಮೊದಲು, ಚೂರು ತೊಟ್ಟು ಸಮೇತ ಕೀಳಬೇಕು. ಮಾರಲಿಕ್ಕಲ್ಲ, ಅಂದಕ್ಕೆ ಬೆಳೆಸಿದ್ದು ಎಂದು ಬಾಡಿದ ಹೂವನ್ನು ಗಿಡದಲ್ಲೇ ಬಿಟ್ಟರೆ ಗಿಡದ ಶಕ್ತಿ ಬೀಜಕ್ಕೆ ಹೋಗಿ ಹೊಸ ಮೊಗ್ಗು ನಿಲ್ಲುತ್ತದೆ. ಬೀಜಕ್ಕೆಂದು ಒಂದೆರಡು ಒಳ್ಳೆಯ ಗಿಡ ಬಿಟ್ಟುಕೊಂಡರೆ ಸಾಕು. ಹೈಬ್ರಿಡ್ ಗಿಡದ ಬೀಜದಿಂದ ಅದೇ ಹೂವು ಬರುತ್ತದೆಂದು ನಂಬಬೇಡಿ, ಒಂದೊಂದು ಸಸಿ ಒಂದೊಂದು ಬಗೆ.

ಮಳೆ ನಿಂತು ಒಣಹವೆ ಶುರುವಾದಾಗ ಎಲೆಯ ಕೆಳಗೆ ಕೆಂಪು ನುಸಿ ಬಲೆ ನೇಯುತ್ತದೆ. ಮನೆಯ ಹತ್ತಾರು ಗಿಡಕ್ಕಾದರೆ ಬೆಳಿಗ್ಗೆ ಎಲೆಯ ಅಡಿಗೆ ನೀರು ರಭಸವಾಗಿ ಎರಚಿ, ನಂತರ ಸಾಬೂನು ನೀರಿನಲ್ಲಿ ಕಲಸಿದ ಬೇವಿನೆಣ್ಣೆ ಸಿಂಪಡಿಸಿದರೆ ಸಾಕು. ಮೋಡ ಕವಿದ ದಿನಗಳಲ್ಲಿ ಎಲೆಯ ಮೇಲೆ ಕಂದು ಚುಕ್ಕೆ ಬೀಳುತ್ತದೆ. ಆ ಎಲೆಗಳನ್ನು ಕಿತ್ತು ದೂರ ಹಾಕಬೇಕು, ಗೊಬ್ಬರದ ಗುಂಡಿಗಲ್ಲ.

ಕಾಯಿಕೊರಕದ ಮಾತೇ ಬೇರೆ. ಟೊಮೆಟೊ, ಹತ್ತಿ, ತೊಗರಿಯನ್ನು ಕೊರೆಯುವ ಆ ಹುಳುವಿನ ಪತಂಗ ಮೊಟ್ಟೆಯಿಡಲು ಚಂಡು ಹೂವನ್ನು ಮೆಚ್ಚುತ್ತದೆ. ಅದಕ್ಕೇ 16 ಸಾಲು ಟೊಮೆಟೊಗೆ ಒಂದು ಸಾಲು ಚಂಡು ಹೂ ಹಾಕಲು ಹೆಸರಘಟ್ಟದ ವಿಜ್ಞಾನಿಗಳು ಹೇಳಿಕೊಟ್ಟರು. ಗುಟ್ಟು ಇಲ್ಲೂ ತಾರೀಖೇ: ಟೊಮೆಟೊ ಸಸಿ 25 ದಿನದ್ದಾದರೆ ಚಂಡಿನ ಸಸಿ 40 ದಿನದ್ದಿರಬೇಕು, ಎರಡೂ ಒಟ್ಟಿಗೆ ಹೂವಿಗೆ ಬರುವಂತೆ. ಬೇರಿನಿಂದ ಒಸರುವ ರಸ ಗಂಟುಬೇರು ಮಾಡುವ ಜಂತುಹುಳುಗಳನ್ನೂ ತಡೆಯುತ್ತದೆ. ಹತ್ತಿ ಬೀಜೋತ್ಪಾದನೆಗೆ ಹೆಸರಾದ ಗದ್ವಾಲ ಸೀಮೆಯ ಹೊಲಗಳ ಬದುವಿನಲ್ಲಿ ಈ ಹೂವು ಇನ್ನೂ ಹೆಚ್ಚಾಗಿ ಕಾಣಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಹುಳುವಿಗೆ ಬಲೆಯೂ ಆದೀತು, ಹಬ್ಬಕ್ಕೆ ಬುಟ್ಟಿ ಹೂವೂ ಸಿಕ್ಕೀತು.

ನಮ್ಮ ಬಾಗಿಲ ತೋರಣದಲ್ಲಿ ಇಷ್ಟು ಹಳೆಯದಾಗಿ ಕಾಣುವ ಈ ಹೂವಿನ ತವರು ಮೆಕ್ಸಿಕೊ. ಪೋರ್ಚುಗೀಸರ ಕಾಲದಲ್ಲಿ ಹಡಗು ಹತ್ತಿ ಬಂದದ್ದು. ಅಲ್ಲಿನವರು ನವೆಂಬರ್ ಮೊದಲ ಎರಡು ದಿನ ತೀರಿಹೋದ ಹಿರಿಯರನ್ನು ಮನೆಗೆ ಕರೆಯಲು ಇದನ್ನೇ ಹಾದಿಗೆ ಚೆಲ್ಲುತ್ತಾರೆ. ನಾವು ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆಯಲ್ಲೇ ಇಲ್ಲಿನ ಹೂವಿನ ಕಾಲ ಶುರುವಾಗುವುದು ಕಾಕತಾಳೀಯವೇ ಇರಬೇಕು. ಗುಂಡ್ಲುಪೇಟೆಯ ಕಡೆ ಇದನ್ನೇ ಎಕರೆಗಟ್ಟಲೆ ಬೆಳೆದು ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಕೊಡುತ್ತಾರೆ. ಅವರಿಗೆ ಹಬ್ಬದ ಹಂಗಿಲ್ಲ.

ಮನೆ ಮುಂದೆ ನಾಲ್ಕು ಕುಂಡ ಇಟ್ಟವರಿಗೂ ಹೊಲದ ಬದುವಿನಲ್ಲಿ ನಾಲ್ಕು ಸಾಲು ಹಾಕುವವರಿಗೂ ಹೇಳುವುದಿಷ್ಟೆ: ಬೀಜ ತರುವ ಮೊದಲು ಪಂಚಾಂಗ ತೆಗೆದು ಮಹಾಲಯ ಅಮಾವಾಸ್ಯೆ ಎಂದು ಬಿದ್ದಿದೆ ನೋಡಿ, ಅಲ್ಲಿಂದ 80 ದಿನ ಹಿಂದಕ್ಕೆ ಎಣಿಸಿ ಗುರುತು ಹಾಕಿ. ಒಂದೇ ದಿನ ಎಲ್ಲ ಬೀಜ ಚೆಲ್ಲಬೇಡಿ. ಅರ್ಧವನ್ನು ಎರಡು ವಾರ ತಡೆದು ಬಿತ್ತಿದರೆ ಬತುಕಮ್ಮಕ್ಕೆ ಕೊಟ್ಟ ಮೇಲೂ ಪಾಂಡವರಿಗೆ ಹೂವು ಉಳಿಯುತ್ತದೆ.