ಊರು ಬದಲಾದರೆ ಮಗಳ ಪರವಾನಗಿ ಏನಾಗುತ್ತದೆ?

"ಅಳಿಯನಿಗೆ ಕ್ಯಾಲ್ಗರಿಯಿಂದ ಟೊರಾಂಟೊಗೆ ವರ್ಗವಾಯಿತಂತೆ." "ಹೌದೆ? ಮಗಳ ಕೆಲಸ?" "ಅವಳೂ ಅಲ್ಲೇ ಏನಾದರೂ ನೋಡಿಕೊಳ್ತಾಳೆ ಬಿಡಿ." ಮಕ್ಕಳು ಪರದೇಶದಲ್ಲಿರುವ ಮನೆಗಳಲ್ಲಿ ಇಂಥ ಮಾತು ಕೇಳಿಬರುವುದು ಸಾಮಾನ್ಯ. ಆದರೆ ಮಗಳು ಭೂವಿಜ್ಞಾನಿಯಾಗಿದ್ದರೆ "ನೋಡಿಕೊಳ್ತಾಳೆ" ಎನ್ನುವಷ್ಟು ಸಲೀಸಲ್ಲ. ಕೆನಡಾದಲ್ಲಿ ಈ ವೃತ್ತಿಗೆ ಪರವಾನಗಿ ಬೇಕು. ಆ ಪರವಾನಗಿ ಇಡೀ ದೇಶದ್ದಲ್ಲ, ಒಂದು ಪ್ರಾಂತದ್ದು. ಪ್ರಾಂತ ಬಿಟ್ಟರೆ ಅದೂ ಹಿಂದೆ ಉಳಿಯುತ್ತದೆ.

ನಮ್ಮಲ್ಲಿ ಭೂವಿಜ್ಞಾನಿಗೆ ಇಂಥ ಪ್ರತ್ಯೇಕ ಪರವಾನಗಿ ಇಲ್ಲ, ಪದವಿಯೇ ಅರ್ಹತೆ. ಆದರೆ ವಿಷಯ ನಮಗೆ ತೀರ ಹೊಸದೂ ಅಲ್ಲ. ವಕೀಲರ ಹೆಸರು ಒಂದು ರಾಜ್ಯದ ಪಟ್ಟಿಯಿಂದ ಇನ್ನೊಂದು ರಾಜ್ಯದ ಪಟ್ಟಿಗೆ ಹೋಗಲು 1961ರ ವಕೀಲರ ಕಾಯಿದೆಯಲ್ಲಿ ದಾರಿಯಿದೆ. ಮದುವೆಯಾಗಿ ಬೇರೆ ರಾಜ್ಯ ಸೇರಿದ ನರ್ಸುಗಳಿಗೆ ಅಲ್ಲಿನ ನೋಂದಣಿಗಾಗಿ ಓಡಾಡಿದ ಅನುಭವ ಇದ್ದೇ ಇರುತ್ತದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೆ ಎನ್ನುತ್ತಾರಲ್ಲ, ಹಾಗೆಯೇ ಇದು. ಹೊಸ ಊರಿಗೆ ಹೋದಮೇಲೆ ಅಲ್ಲಿನ ಬಾವಿಕಟ್ಟೆ ಹತ್ತಲೇಬೇಕು.

ಒಂದು ಸಹಿಗೆ ಇಷ್ಟು ಬೆಲೆಯೇಕೆ?

ಭೂವಿಜ್ಞಾನಿ ಬರೀ ಕಲ್ಲು ನೋಡುವವಳಲ್ಲ. ಅಣೆಕಟ್ಟಿನ ಅಡಿಪಾಯ ಗಟ್ಟಿಯೆ, ಗುಡ್ಡ ಕುಸಿದೀತೆ, ಕುಡಿಯುವ ನೀರಿನ ಬಾವಿಗೆ ಕಾರ್ಖಾನೆಯ ಕೊಳೆ ಇಳಿದಿದೆಯೆ ಎಂದು ಹೇಳಿ ಕೆಳಗೆ ಸಹಿ ಹಾಕಿ ಮುದ್ರೆ ಒತ್ತುವವಳು ಅವಳು. ಆ ಮಾತು ಸುಳ್ಳಾದರೆ ಎಷ್ಟೋ ಮನೆಗಳು ಮುಳುಗುತ್ತವೆ.

ಬ್ರೆ-ಎಕ್ಸ್ ಹಗರಣವನ್ನೇ ನೋಡಿ. ಕ್ಯಾಲ್ಗರಿಯ ಈ ಕಂಪನಿ ಇಂಡೊನೇಷ್ಯದ ಬುಸಾಂಗ್ ಎಂಬಲ್ಲಿ ಅಪಾರ ಚಿನ್ನ ಸಿಕ್ಕಿದೆ ಎಂದು ಸಾರಿತು. ಜನ ಉಳಿತಾಯದ ಹಣ ಸುರಿದು ಷೇರು ಕೊಂಡರು. 1997ರಲ್ಲಿ ಸ್ವತಂತ್ರ ಪರೀಕ್ಷೆ ನಡೆದಾಗ ನಿಜ ಹೊರಬಿತ್ತು. ಪುಡಿ ಮಾಡಿದ ಕಲ್ಲಿಗೆ ಯಾರೋ ಹೊರಗಿನಿಂದ ಚಿನ್ನ ಬೆರೆಸಿದ್ದರು! ಷೇರುಗಳು ರದ್ದಿ ಕಾಗದವಾದವು. ಒಂಟಾರಿಯೊ ಪ್ರಾಂತ 2000ದಲ್ಲಿ ಭೂವಿಜ್ಞಾನಿಗಳಿಗೆಂದೇ ಕಾನೂನು ತಂದಿತು. ಗಣಿ ಕಂಪನಿಗಳು ಪ್ರಕಟಿಸುವ ವರದಿಗಳಿಗೆ ಅರ್ಹ ವ್ಯಕ್ತಿಯ ಹೊಣೆ ಇರಲೇಬೇಕು ಎಂಬ ನಿಯಮ 2001ರಲ್ಲಿ ಬಂತು.

ಪ್ರಾಂತಕ್ಕೊಂದು ಸಂಸ್ಥೆ

ಪೂರ್ಣ ಪರವಾನಗಿ ಪಡೆದವರು ಹೆಸರಿನ ಮುಂದೆ 'ಪಿ.ಜಿಯೊ.' ಎಂದು ಬರೆದುಕೊಳ್ಳಬಹುದು. ಅದಕ್ಕೆ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ ಅಥವಾ ಅದಕ್ಕೆ ಸಮನಾದ ಓದು, 48 ತಿಂಗಳ ಅನುಭವ, ಕಾನೂನು ಮತ್ತು ನೀತಿಯ ಪರೀಕ್ಷೆ, ಒಳ್ಳೆಯ ನಡತೆಗೆ ಸಾಕ್ಷಿ ಬೇಕು. ಆಲ್ಬರ್ಟಾದಲ್ಲಿ ಎಂಜಿನಿಯರರಿಗೂ ಭೂವಿಜ್ಞಾನಿಗಳಿಗೂ ಸೇರಿ 'ಅಪೆಗಾ' ಎಂಬ ಒಂದೇ ಸಂಸ್ಥೆ ಇದೆ. ಬ್ರಿಟಿಷ್ ಕೊಲಂಬಿಯದಲ್ಲೂ ಹೀಗೇ. ಒಂಟಾರಿಯೊದಲ್ಲಿ ಭೂವಿಜ್ಞಾನಿಗಳ ಸಂಸ್ಥೆಯೇ ಬೇರೆ. ಕ್ವಿಬೆಕ್‌ನಲ್ಲೂ ಬೇರೆ, ಜೊತೆಗೆ ಅಲ್ಲಿ ಫ್ರೆಂಚ್ ಭಾಷೆ ಬರಬೇಕು.

ಹಾಗಾದರೆ ಪ್ರಾಂತ ಬದಲಾಯಿಸಿದಾಗಲೆಲ್ಲ ಮೊದಲಿನಿಂದ ಪರೀಕ್ಷೆ ಬರೆಯಬೇಕೆ? ಬೇಡ. 2017ರ ಜುಲೈ 1ರಂದು ಜಾರಿಗೆ ಬಂದ ಕೆನಡಾದ ಆಂತರಿಕ ಮುಕ್ತ ವ್ಯಾಪಾರ ಒಪ್ಪಂದದ ಪ್ರಕಾರ, ಒಂದು ಪ್ರಾಂತ ಒಪ್ಪಿದ ವೃತ್ತಿಗಾರರನ್ನು ಇನ್ನೊಂದು ಪ್ರಾಂತವೂ ಒಪ್ಪಬೇಕು. ಓದು, ಅನುಭವಗಳನ್ನು ಮತ್ತೆ ಅಳೆಯುವ ಹಾಗಿಲ್ಲ. ಆದರೆ ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು. 'ಇವರ ಮೇಲೆ ಶಿಸ್ತಿನ ಕ್ರಮವಿಲ್ಲ, ಬಾಕಿಯಿಲ್ಲ' ಎಂದು ಹಳೆಯ ಸಂಸ್ಥೆ ಹೊಸ ಸಂಸ್ಥೆಗೆ ಪತ್ರ ಕಳಿಸಬೇಕು. ಸ್ಥಳೀಯ ಕಾನೂನು ತಿಳಿದಿದೆಯೆ ಎಂದು ಕೇಳುವ ಪ್ರಾಂತಗಳೂ ಇವೆ. ಹೊಸ ಪರವಾನಗಿ ಬರುವ ತನಕ ಅವಳು ಅಲ್ಲಿ ಸ್ವಂತ ಹೊಣೆಯ ಮೇಲೆ ಮುದ್ರೆ ಒತ್ತುವಂತಿಲ್ಲ. ಅಲ್ಲಿನ ಪರವಾನಗಿದಾರರ ಮೇಲ್ವಿಚಾರಣೆಯಲ್ಲಿ ದುಡಿಯಬಹುದು.

ಹಳೆಯದನ್ನು ಮೊದಲು ಬಿಡಬೇಡಿ

ಇಲ್ಲೇ ಬಹಳ ಜನ ಎಡವುವುದು. ಗ್ಯಾಸ್ ಕನೆಕ್ಷನ್ ವರ್ಗ ಮಾಡಿಸುವಾಗ ನಾವು ಮೊದಲು ಸಿಲಿಂಡರ್ ಒಪ್ಪಿಸಿ, ಚೀಟಿ ತೆಗೆದುಕೊಂಡು, ಆಮೇಲೆ ಹೊಸ ಊರಿನ ಏಜೆನ್ಸಿಗೆ ಹೋಗುತ್ತೇವೆ. ಪರವಾನಗಿಯ ವಿಷಯದಲ್ಲಿ ಇದು ತಿರುಗುಮುರುಗು. ಕೈಯಲ್ಲಿ ಚಾಲ್ತಿಯ ಪರವಾನಗಿ ಇದ್ದವರಿಗೇ ಒಪ್ಪಂದದ ಅನುಕೂಲ. "ಹೇಗೂ ಊರು ಬಿಡ್ತೀವಲ್ಲ, ಈ ವರ್ಷದ ಶುಲ್ಕ ಯಾಕೆ ದಂಡ?" ಎಂದು ಹಳೆಯದಕ್ಕೆ ರಾಜೀನಾಮೆ ಕೊಟ್ಟುಬಿಟ್ಟರೆ ವರ್ಗ ಮಾಡಿಸಲು ಏನೂ ಉಳಿದಿರುವುದಿಲ್ಲ. ಹೊಸದು ಕೈಗೆ ಬಂದಮೇಲೆ ಹಳೆಯದನ್ನು ಇಟ್ಟುಕೊಳ್ಳಬೇಕೆ ಬೇಡವೆ ಎಂದು ಯೋಚಿಸಿದರಾಯಿತು. ಎರಡನ್ನೂ ಇಟ್ಟುಕೊಳ್ಳಬಹುದು, ಶುಲ್ಕ ಮಾತ್ರ ಎರಡೂ ಕಡೆ.

ಇನ್ನೂ ತರಬೇತಿಯ ಹಂತದಲ್ಲಿರುವ ಹುಡುಗಿಯರು ಇನ್ನೊಂದು ಮಾತು ಗಮನಿಸಬೇಕು. ಈ ಸಲೀಸು ದಾರಿ ಪೂರ್ಣ ಪರವಾನಗಿ ಇದ್ದವರದು. 48 ತಿಂಗಳಲ್ಲಿ ಮೂರು ನಾಲ್ಕು ತಿಂಗಳಷ್ಟೇ ಬಾಕಿಯಿದ್ದರೆ, ಸಾಧ್ಯವಾದಲ್ಲಿ ಅದನ್ನು ಮುಗಿಸಿಯೇ ಹೊರಡುವುದು ಜಾಣತನ. ಗಂಡ ಮುಂಚೆ ಹೋಗಿ ಮನೆ ಹುಡುಕಲಿ, ತಪ್ಪೇನು?

ಬಾಣಂತನ ಬಂದಾಗ

ಹೆರಿಗೆ, ಮಗುವಿನ ಆರೈಕೆ ಎಂದು ಎರಡು ವರ್ಷ ಮನೆಯಲ್ಲಿರಬೇಕಾಯಿತು ಎನ್ನಿ. ಶುಲ್ಕ ಕಟ್ಟದೆ ಸುಮ್ಮನಿದ್ದರೆ ಹೆಸರು ಪಟ್ಟಿಯಿಂದ ಬಿದ್ದುಹೋಗುತ್ತದೆ. ಅದರ ಬದಲು 'ಸದ್ಯ ವೃತ್ತಿ ನಡೆಸುತ್ತಿಲ್ಲ' ಎಂದು ಬರೆದುಕೊಟ್ಟು ಕಡಿಮೆ ಶುಲ್ಕದಲ್ಲಿ ಹೆಸರು ಉಳಿಸಿಕೊಳ್ಳುವ ಸೌಲಭ್ಯ ಹಲವು ಸಂಸ್ಥೆಗಳಲ್ಲಿದೆ. ಆ ಅವಧಿಯಲ್ಲಿ ಮುದ್ರೆ ಒತ್ತುವಂತಿಲ್ಲ, ಆದರೆ ಮರಳುವ ಬಾಗಿಲು ತೆರೆದಿರುತ್ತದೆ. ಮನೆ ನೋಡಿಕೊಳ್ಳಲು ನಿಂತ ಹೆಣ್ಣು ಓದಿದ್ದನ್ನೆಲ್ಲ ನೀರಿಗೆ ಹಾಕಬೇಕಾಗಿಲ್ಲ.

ಅಮೆರಿಕಕ್ಕೆ ಹೋದರೆ

ಕೆನಡಾದ ಪರವಾನಗಿ ಅಮೆರಿಕದಲ್ಲಿ ತಾನಾಗಿ ನಡೆಯುವುದಿಲ್ಲ. ಅಲ್ಲಿ ಕೆಲವು ರಾಜ್ಯಗಳಲ್ಲಿ ಪರವಾನಗಿಯ ಕಾನೂನಿದೆ, ಕೆಲವದರಲ್ಲಿಲ್ಲ. ಇರುವ ಕಡೆಗಳಲ್ಲಿ ಸಾಮಾನ್ಯವಾಗಿ 'ಆಸ್‌ಬಾಗ್' ಸಂಸ್ಥೆಯ ಎರಡು ಪರೀಕ್ಷೆಗಳನ್ನು ಕೇಳುತ್ತಾರೆ. ಒಂದು ಮೂಲ ಪಾಠಗಳದ್ದು, ಇನ್ನೊಂದು ವೃತ್ತಿಯದ್ದು. ಒಮ್ಮೆ ಪಾಸಾದ ಅಂಕಗಳನ್ನು ಬೇರೆ ರಾಜ್ಯಕ್ಕೂ ಕಳಿಸಬಹುದು. ಕ್ಯಾಲಿಫೋರ್ನಿಯ ಮಾತ್ರ ತನ್ನದೇ ಇನ್ನೊಂದು ಪರೀಕ್ಷೆ ಇಡುತ್ತದೆ.

ತಾಯಿ ಇಲ್ಲಿ ಕುಳಿತು ಮಾಡಬಹುದಾದದ್ದು

ಇಲ್ಲಿ ಓದಿ ಅಲ್ಲಿಗೆ ಹೋಗುವವರಿಗೆ ಮೊದಲ ಪರವಾನಗಿಯೇ ದೊಡ್ಡ ಗುಡ್ಡ. ಅದಕ್ಕೆ ಬೇಕಾದ ಕಾಗದಗಳು ಇರುವುದು ಇಲ್ಲಿ, ನಮ್ಮ ಬೀರುವಿನಲ್ಲಿ!

ಮೊದಲನೆಯದು, ಅಂಕಪಟ್ಟಿಗಳು. ಬಿ.ಎಸ್‌ಸಿ., ಎಂ.ಎಸ್‌ಸಿ. ಎರಡರದ್ದೂ ಬೇಕಾಗುತ್ತವೆ. ವಿಶ್ವವಿದ್ಯಾಲಯವೇ ನೇರವಾಗಿ ಅಲ್ಲಿಗೆ ಕಳಿಸಬೇಕು ಎಂದು ಕೇಳುವುದುಂಟು. ಮಗಳು ಹೊರಡುವ ಮುನ್ನವೇ ಕಾಲೇಜಿನಲ್ಲಿ ಇದರ ಕ್ರಮ ವಿಚಾರಿಸಿಡಿ. ಯಾವ ವರ್ಷ ಯಾವ ಪಾಠ ಇತ್ತೆಂದು ತೋರಿಸುವ ಪಠ್ಯಕ್ರಮದ ಪ್ರತಿಯನ್ನೂ ತೆಗೆಸಿಡಿ.

ಎರಡನೆಯದು, ಹೆಸರು. ನಮ್ಮಲ್ಲಿ ಅಂಕಪಟ್ಟಿಯಲ್ಲಿ ಇನಿಷಿಯಲ್ಲು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಮದುವೆಯ ನಂತರ ಗಂಡನ ಹೆಸರು! ಅಲ್ಲಿನ ಕಚೇರಿಗೆ ಇವರು ಮೂವರು ಬೇರೆ ಬೇರೆ ಹೆಂಗಸರು. ಮದುವೆ ನೋಂದಣಿ ಪತ್ರ, ಹೆಸರಿನ ಬಗ್ಗೆ ಅಫಿಡವಿಟ್ಟು ಜೊತೆಗಿರಲಿ.

ಮೂರನೆಯದು, ಕೆಲಸದ ಅನುಭವ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಕೆಲಸ, ಯಾರ ಕೈಕೆಳಗೆ ಎಂದು ಬರೆಸಿಕೊಂಡ ಪತ್ರ ಬೇಕು. ಮೇಲಧಿಕಾರಿಗಳು ನಿವೃತ್ತರಾಗಿ ಊರು ಬಿಟ್ಟಮೇಲೆ ಹುಡುಕುವುದು ಕಷ್ಟ. ಅವರ ವಿಳಾಸ, ಫೋನು ಗುರುತು ಹಾಕಿಡಿ.

ಮಗಳನ್ನು ಕಳಿಸುವಾಗ ಸೀರೆ, ಚಿನ್ನ, ಉಪ್ಪಿನಕಾಯಿ, ಸಾರಿನಪುಡಿ ಎಲ್ಲ ನೆನಪಿನಿಂದ ಕಟ್ಟುತ್ತೇವೆ. ಈ ಫೈಲನ್ನೂ ಕಟ್ಟಿ, ಕೈಚೀಲದಲ್ಲೇ ಇರಲಿ ಎನ್ನಿ. ಮುಂದೆ ಅಳಿಯನಿಗೆ ವರ್ಗವಾದ ಸುದ್ದಿ ಬಂದಾಗ "ನಿನ್ನ ಪರವಾನಗಿಗೆ ಅರ್ಜಿ ಹಾಕಿದೆಯೇನೆ?" ಎಂದು ಮೊದಲು ಕೇಳುವವರು ನೀವೇ ಆಗಿರಿ.