ವಾರ ಸರಿ, ವರ್ಷ ತಪ್ಪು: ಶಂಶಾಬಾದಿನಲ್ಲಿ ಸಿಕ್ಕ ಹಳೆ ಜಿಪಿಎಸ್

“ತಾರೀಖು ತಪ್ಪ ತೋರಸ್ತದ್ರಿ. ವಾರ ಮಾತ್ರ ಖರೇನ ಹೇಳ್ತದ.” ಮಾರುವವರೇ ಹೀಗೆ ಮೊದಲೇ ಹೇಳಿಬಿಟ್ಟರು. ಕಲಬುರಗಿ ಕಡೆಯವರು, ಹೈದರಾಬಾದಿನ ಹತ್ತಿರದ ಶಂಶಾಬಾದಿನಲ್ಲಿ ನೆಲೆಸಿ ಬಹಳ ಕಾಲವಾಗಿದೆ. ಅವರು ಮೇಜಿನ ಮೇಲಿಟ್ಟ ಬೈಕ್ ಜಿಪಿಎಸ್‌ಗೆ ಅಂಗೈಯಗಲದ ಪರದೆ, ಕೈಗವಸು ತೊಟ್ಟೂ ಒತ್ತಬಹುದಾದ ದಪ್ಪ ಗುಂಡಿಗಳು, ಮಳೆನೀರಿಗೆ ಅಡ್ಡಲಾಗಿ ರಬ್ಬರ್ ಮುಚ್ಚಳ. ಅಂದು 2025ರ ನವೆಂಬರ್ 22. ಪರದೆಯ ಮೇಲಿದ್ದದ್ದು 2006ರ ಏಪ್ರಿಲ್ 8. ಎರಡೂ ಶನಿವಾರ!

ಚೌಕಾಸಿಗೆ ಹೋದವನು ಲೆಕ್ಕಕ್ಕೆ ಕೂತೆ.

ಜಿಪಿಎಸ್ ಉಪಗ್ರಹಗಳು ನಮ್ಮ ಕ್ಯಾಲೆಂಡರಿನ ತಾರೀಖನ್ನು ಕಳಿಸುವುದಿಲ್ಲ. 1980ರ ಜನವರಿ 6ರಿಂದ ಇದು ಎಷ್ಟನೇ ವಾರ, ಆ ವಾರದಲ್ಲಿ ಎಷ್ಟು ಸೆಕೆಂಡು ಕಳೆಯಿತು ಎಂದಷ್ಟೇ ಹೇಳುತ್ತವೆ. ಹಳೆಯ ಸಂಕೇತದಲ್ಲಿ ವಾರದ ಸಂಖ್ಯೆಗೆ ಹತ್ತೇ ಬಿಟ್ ಜಾಗ. ಸೊನ್ನೆಯಿಂದ 1023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರಬೇಕು. 1024 ವಾರ ಎಂದರೆ 7,168 ದಿನ, ಹತ್ತೊಂಬತ್ತೂವರೆ ವರ್ಷದ ಮೇಲೆ ತುಸು. ಮೊದಲ ಸುತ್ತು ಮುಗಿದದ್ದು 1999ರ ಆಗಸ್ಟ್‌ನಲ್ಲಿ, ಎರಡನೆಯದು 2019ರ ಏಪ್ರಿಲ್‌ನಲ್ಲಿ. ಮೂರನೆಯದು 2038ರ ನವೆಂಬರ್‌ನಲ್ಲಿ ಮುಗಿಯುತ್ತದೆ.

ಸ್ವಾರಸ್ಯವೆಂದರೆ, ಈ ಯಂತ್ರ 2019ನ್ನು ಏನೂ ಆಗದೆ ದಾಟಿತ್ತಂತೆ. ಅದಕ್ಕೂ ಕಾರಣವಿದೆ. ಎಷ್ಟೋ ಯಂತ್ರಗಳಲ್ಲಿ ಸಾಫ್ಟ್‌ವೇರ್ ಸಿದ್ಧವಾದ ವಾರವನ್ನೇ ಗಡಿಯಾಗಿ ಇಟ್ಟಿರುತ್ತಾರೆ; ಬಂದ ಸಂಖ್ಯೆ ಅದಕ್ಕಿಂತ ಹಿಂದಿನದಾದರೆ ಯಂತ್ರವೇ 1024 ಕೂಡಿಸಿಕೊಳ್ಳುತ್ತದೆ. ಹಾಗಾಗಿ ಒಂದೊಂದರ ಆಯಸ್ಸು ಮುಗಿಯುವುದು ಒಂದೊಂದು ದಿನ. ನನ್ನೆದುರಿಗಿದ್ದದ್ದು ಬಹುಶಃ 2006ರ ಆರಂಭದ ಸಾಫ್ಟ್‌ವೇರ್. ನವೆಂಬರ್ 22ರಿಂದ 7,168 ದಿನ ಹಿಂದಕ್ಕೆ ಎಣಿಸಿದರೆ ಸರಿಯಾಗಿ ಏಪ್ರಿಲ್ 8. ಪೂರ್ತಿ ವಾರಗಳಷ್ಟೇ ಹಿಂದೆ ಜಿಗಿಯುವುದರಿಂದ ಶನಿವಾರ ಶನಿವಾರವೇ. ಗಂಟೆ ನಿಮಿಷ ಸರಿ, ಜಾಗವೂ ಸರಿ.

ಆ ಲೆಕ್ಕದ ಪ್ರಕಾರ ರಾಜ್‌ಕುಮಾರ್ ಇನ್ನೂ ನಾಲ್ಕು ದಿನ ನಮ್ಮೊಂದಿಗಿರುತ್ತಾರೆ. ಇದನ್ನು ಹೇಳಿದಾಗ ಮಾರುವವರು ಯಂತ್ರವನ್ನು ಮತ್ತೆ ಕೈಗೆತ್ತಿಕೊಂಡು ನೋಡಿದರು. ಬೆಲೆ ಏರಿಸುತ್ತಾರೇನೋ ಅಂದುಕೊಂಡೆ.

ವಿಷಯ ಬಂತೆಂದು ಒಂದು ಮಾತು. ನಮ್ಮದೇ ದೇಶದ ಜಿಪಿಎಸ್ ಎನ್ನಬಹುದಾದ ‘ನಾವಿಕ್’ ಕಾಲ ಎಣಿಸುವುದು 1999ರ ಆಗಸ್ಟ್ 22ರಿಂದ, ಅಂದರೆ ಜಿಪಿಎಸ್‌ನ ಮೊದಲ ಸುತ್ತು ಮುಗಿದ ಕ್ಷಣದಿಂದ. ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ ಅದರ ಕೇಂದ್ರವಿರುವುದರಿಂದ ನನಗೆ ಅಭಿಮಾನ ಒಂದು ಹಿಡಿ ಜಾಸ್ತಿ. ಆದರೆ ಈ ಹಳೆ ಯಂತ್ರಕ್ಕೆ ನಾವಿಕ್ ಕೇಳಿಸುವುದೇ ಇಲ್ಲ. ಮೊದಲ ನಾವಿಕ್ ಉಪಗ್ರಹ ಹಾರಿದ್ದೇ 2013ರಲ್ಲಿ.

ತಾರೀಖು ತಪ್ಪಿದರೆ ಸವಾರನಿಗೇನು ನಷ್ಟ? ಸೂರ್ಯಾಸ್ತ. ಇಂಥ ಯಂತ್ರಗಳು ತಾರೀಖು ನೋಡಿ ಪರದೆಯನ್ನು ರಾತ್ರಿಯ ಬಣ್ಣಕ್ಕೆ ತಿರುಗಿಸುತ್ತವೆ. ನವೆಂಬರ್ ಕೊನೆಗೆ ಹೈದರಾಬಾದಿನಲ್ಲಿ ಸಂಜೆ ಐದೂ ಮುಕ್ಕಾಲಿನೊಳಗೆ ಸೂರ್ಯ ಮುಳುಗುತ್ತಾನೆ, ಏಪ್ರಿಲ್‌ನಲ್ಲಿ ಆರೂವರೆಗೆ. ನಡುವಿನ ಹೊತ್ತೆಲ್ಲ ಕತ್ತಲಲ್ಲಿ ಬೆಳ್ಳಗಿನ ಪರದೆ ಕಣ್ಣಿಗೆ ಚುಚ್ಚುತ್ತದೆ.

ನಕ್ಷೆಯೂ ಅಷ್ಟೇ ಹಳೆಯದು. ಬೈಕಿಗೆ ಕಟ್ಟಿಕೊಂಡು ವಿಮಾನ ನಿಲ್ದಾಣದ ದಾರಿಗೆ ತಿರುಗಿದರೆ ಬಾಣದ ಗುರುತು ಬಯಲಿನಲ್ಲಿ ತೇಲತೊಡಗಿತು. ನಿಲ್ದಾಣ ತೆರೆದದ್ದು 2008ರ ಮಾರ್ಚ್‌ನಲ್ಲಿ ತಾನೆ! 158 ಕಿಲೋಮೀಟರಿನ ಹೊರ ವರ್ತುಲ ರಸ್ತೆಯ ಸುಳಿವೂ ಇಲ್ಲ. ಒಂದು ಲೆಕ್ಕದಲ್ಲಿ ಇದು ಒಳ್ಳೆಯದೇ, ಏಕೆಂದರೆ ಆ ರಸ್ತೆಗೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಿಂದಲೂ 2023ರ ಆಗಸ್ಟ್ 1ರಿಂದ ಬೈಕುಗಳು ಹೊರಗೆ. ಕಾರಿನ ಜಿಪಿಎಸ್ ನಂಬಿದ ಬೈಕ್ ಸವಾರ ಇಂಥಲ್ಲೇ ಸಿಕ್ಕಿಬೀಳುವುದು.

ಫೋನ್ ಸಾಲದೇ ಎಂದು ಕೇಳಬಹುದು. ಸಾಲುತ್ತದೆ, ನಿಜ ಹೇಳಬೇಕೆಂದರೆ. ಗೂಗಲ್ ಮ್ಯಾಪ್ಸ್ ದ್ವಿಚಕ್ರ ವಾಹನಗಳ ದಾರಿ ತೋರಿಸಲು ಶುರುಮಾಡಿದ್ದೇ ಭಾರತದಲ್ಲಿ, 2017ರ ಕೊನೆಗೆ. ಆದರೆ ದೊಡ್ಡ ಬೈಕಿನ ನಡುಕಕ್ಕೆ ಐಫೋನಿನ ಕ್ಯಾಮೆರಾ ಕೆಡಬಹುದೆಂದು 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿತ್ತು. ಬಿಸಿಲಿಗೆ ಕಾದ ಫೋನು ತಾನಾಗಿ ಮಂಕಾಗುವುದನ್ನು ಕರ್ನೂಲು ದಾರಿಯಲ್ಲಿ ಹೋದವರೆಲ್ಲ ಕಂಡಿದ್ದಾರೆ. ಕೈಗವಸಿಗೆ ಅದು ಬಗ್ಗುವುದೂ ಇಲ್ಲ. ಇವೆಲ್ಲ ನನಗೆ ನಾನೇ ಹೇಳಿಕೊಂಡ ನೆಪಗಳೆಂದು ಮನೆಯವರು ಅನ್ನುತ್ತಾರೆ.

ಕೊಳ್ಳುವವರು ಯಂತ್ರಕ್ಕಿಂತ ಮೊದಲು ಅದು ಕೂರುವ ತೊಟ್ಟಿಲನ್ನು ನೋಡಬೇಕು. ಹ್ಯಾಂಡಲ್ಲಿಗೆ ಬಿಗಿಯುವ ಆ ಭಾಗ, ಬೈಕಿನ ಬ್ಯಾಟರಿಗೆ ಹೋಗುವ ತಂತಿ ಇಲ್ಲದಿದ್ದರೆ ಅಗ್ಗದ ಸಾಮಾನು ದುಬಾರಿಯಾಗುತ್ತದೆ. ಸಂಪರ್ಕದ ಪಿನ್ನುಗಳಲ್ಲಿ ಹಸಿರು ಕಿಲುಬು ಕಂಡರೆ ಬೇಡ. ಕಳ್ಳರ ಭಯಕ್ಕೆ ಹಾಕಿದ ಪಿನ್ ಸಂಖ್ಯೆ ಹಳೆಯ ಯಜಮಾನನಿಗೆ ನೆನಪಿರಬೇಕು. ‘ಮನೆ’ ಎಂದು ಗುರುತಿಟ್ಟ ವಿಳಾಸವನ್ನು ಅವರ ಎದುರಿಗೇ ಅಳಿಸುವುದು ಮರ್ಯಾದೆ.

ಬೆಲೆ ಒಂದು ಸಾಧಾರಣ ಹೆಲ್ಮೆಟ್ಟಿನಷ್ಟಕ್ಕೆ ಇಳಿಯಿತು. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ತಯಾರಿಸಿದ ನಕ್ಷೆಯನ್ನು ಮೆಮೊರಿ ಕಾರ್ಡಿಗೆ ಹಾಕಿದರೆ ಇಂಥ ಕೆಲವು ಯಂತ್ರಗಳು ಓದಿಕೊಳ್ಳುತ್ತವೆ. ಇದು ಓದಿತು. ವಿಮಾನ ನಿಲ್ದಾಣ ಬಂತು, ಹೊರ ವರ್ತುಲ ರಸ್ತೆ ಬಂತು. ಜೊತೆಗೆ ಬೈಕನ್ನು ಆ ರಸ್ತೆಗೇ ಹತ್ತಿಸುವ ಚಟವೂ ಬಂತು. ‘ಟೋಲ್ ರಸ್ತೆ ಬೇಡ’ ಎಂದು ಒತ್ತಿಟ್ಟಿದ್ದೇನೆ. ಈಗ ಬೆಂಗಳೂರಿಗೆ ಕೇಳಿದರೆ ಹೆದ್ದಾರಿ 44ನ್ನೂ ಬಿಟ್ಟು ಊರೂರು ಸುತ್ತಿಸುತ್ತದೆ.