ಗುಂಡಿನ ಸದ್ದಿನಲ್ಲಿ ಕೇಳದೆ ಹೋದ ಫೋನ್ ಕರೆ

ಕ್ರೈಂ ಆ್ಯಕ್ಷನ್ ಅನಿಮೆಗೆ ಹೊಸದಾಗಿ ಕೈಹಾಕುವವರಿಗೆ ಹಳಬರು ಇವತ್ತಿಗೂ ಹೇಳುವ ಹೆಸರುಗಳಲ್ಲಿ ‘ಬ್ಲ್ಯಾಕ್ ಲಗೂನ್’ ಒಂದು. ರೇಯ್ ಹಿರೋಯೆ ಅವರ ಮಾಂಗಾ ‘ಸಂಡೇ ಜಿಎಕ್ಸ್’ ಪತ್ರಿಕೆಯಲ್ಲಿ 2002ರಲ್ಲಿ ಶುರುವಾಯಿತು; ಮ್ಯಾಡ್‌ಹೌಸ್ ಸ್ಟುಡಿಯೊ ಅದನ್ನು 2006ರಲ್ಲಿ ಟೀವಿಗೆ ತಂದಿತು. ಮೊದಲೆರಡು ಕಂತು ನೋಡಿ ಎದ್ದವರ ತೀರ್ಪು ಹೆಚ್ಚುಕಡಿಮೆ ಒಂದೇ: ಮಜಾ ಇದೆ, ತಲೆ ಇಲ್ಲ. ಮಜಾ ಇರುವುದು ನಿಜ. ಎರಡನೆಯ ಮಾತಿನ ಬಗ್ಗೆ ಮತ್ತು ಅದರ ಬೆನ್ನಿಗೇ ಬರುವ ಇನ್ನೊಂದಷ್ಟು ಮಾತುಗಳ ಬಗ್ಗೆ ನನ್ನ ತಕರಾರಿದೆ.

ತಪ್ಪು ಕಲ್ಪನೆ: ಇದು ಬರೀ ಢಂ ಢಂ. ಕಥೆ ನೆಪಕ್ಕಷ್ಟೇ.

ವಾಸ್ತವ: ಆರಂಭ ಹೀಗಿದೆ. ಟೋಕಿಯೊದ ದೊಡ್ಡ ಕಂಪನಿಯೊಂದರ ನೌಕರ ರೊಕುರೊ ಒಕಾಜಿಮಾ ಒಂದು ಡಿಸ್ಕ್ ತಲುಪಿಸಲು ದಕ್ಷಿಣ ಚೀನಾ ಸಮುದ್ರದಲ್ಲಿ ಹೋಗುತ್ತಿರುತ್ತಾನೆ. ಎರಡನೇ ಮಹಾಯುದ್ಧದ ಕಾಲದ ಹಳೇ ಟಾರ್ಪಿಡೊ ದೋಣಿಯಲ್ಲಿ ಬಂದ ಕಡಲ್ಗಳ್ಳರು ಡಿಸ್ಕಿನ ಜೊತೆ ಅವನನ್ನೂ ಎತ್ತಿಕೊಂಡು ಹೋಗುತ್ತಾರೆ. ಆಮೇಲೆ ಹೆಂಡದಂಗಡಿಯಲ್ಲಿ ಗುಂಡಿನ ಮಳೆ, ಬೆನ್ನಟ್ಟುವ ಬಾಡಿಗೆ ಸೈನಿಕರು, ತಲೆಯ ಮೇಲೆ ಹೆಲಿಕಾಪ್ಟರ್. ಮುಳುಗಿದ ಹಡಗಿನ ಅವಶೇಷದ ಮೇಲೆ ದೋಣಿಯನ್ನು ಹಾರಿಸಿ, ಗಾಳಿಯಲ್ಲಿರುವಾಗಲೇ ಟಾರ್ಪಿಡೊ ಬಿಟ್ಟು ಆ ಹೆಲಿಕಾಪ್ಟರನ್ನು ಉರುಳಿಸುವ ದೃಶ್ಯ ಎರಡನೇ ಕಂತಿನಲ್ಲಿದೆ. ಭೌತಶಾಸ್ತ್ರದ ಮೇಷ್ಟ್ರು ಕಣ್ಣು ಮುಚ್ಚಿಕೊಳ್ಳಬೇಕು, ಉಳಿದವರು ಸಿಳ್ಳೆ ಹೊಡೆಯಬೇಕು.

ಎಲ್ಲರಿಗೂ ನೆನಪಿರುವುದು ಈ ಟಾರ್ಪಿಡೊ. ಆದರೆ ಕಥೆ ನಿಂತಿರುವುದು ಅದಕ್ಕೂ ಮುಂಚಿನ ಒಂದು ಫೋನ್ ಕರೆಯ ಮೇಲೆ. ಡಿಸ್ಕಿನಲ್ಲಿರುವುದು ಕಂಪನಿಯ ಕಳ್ಳ ವ್ಯವಹಾರ. ಅದು ಬಯಲಾದರೆ ಕಂಪನಿ ಮುಳುಗುತ್ತದೆ. ಹಾಗಾಗಿ ಬಾಡಿಗೆ ಸೈನಿಕರನ್ನು ಕಳಿಸಿದ್ದು ಬೇರೆ ಯಾರೂ ಅಲ್ಲ, ಅವನ ಮೇಲಧಿಕಾರಿಯೇ. ಆತ ಕೂಗಾಡುವುದಿಲ್ಲ, ಬೆದರಿಸುವುದಿಲ್ಲ. ಕಂಪನಿಯ ಹಿತಕ್ಕಾಗಿ ನೀನು ಈ ಸಮುದ್ರದಲ್ಲೇ ಮುಗಿದುಹೋಗಬೇಕು, ಅಂತ್ಯಸಂಸ್ಕಾರದ ವ್ಯವಸ್ಥೆ ನಾವು ನೋಡಿಕೊಳ್ಳುತ್ತೇವೆ ಎಂಬರ್ಥದ ಮಾತನ್ನು ಸುತ್ತೋಲೆ ಓದಿದಷ್ಟು ನಿರಾಳವಾಗಿ ಹೇಳುತ್ತಾನೆ. ಬಂದೂಕು ಹಿಡಿದವರು ಇವನನ್ನು ಒತ್ತೆಯಿಟ್ಟುಕೊಂಡಿದ್ದರು; ಸಂಬಳ ಕೊಡುತ್ತಿದ್ದವರು ಲೆಕ್ಕದಿಂದಲೇ ತೆಗೆದುಹಾಕಿದರು. ಮುಂದಿನ ಕಥೆಯೆಲ್ಲ ಇದೇ ಎಳೆಯದು: ಯಾರನ್ನು ಯಾರು, ಎಷ್ಟು ಸಲೀಸಾಗಿ ಬಿಸಾಡಬಲ್ಲರು?

ತಪ್ಪು ಕಲ್ಪನೆ: ಪಾಪದ ಗುಮಾಸ್ತ ಈಗ ಬಂದೂಕು ಕಲಿತು ಹೀರೊ ಆಗುತ್ತಾನೆ.

ವಾಸ್ತವ: ಆಗುವುದಿಲ್ಲ. ‘ರಾಕ್’ ಎಂಬ ಹೊಸ ಹೆಸರಿನಲ್ಲಿ ಅವನು ಆ ದೋಣಿಯಲ್ಲೇ ಉಳಿಯುತ್ತಾನೆ, ಆದರೆ ಮಾಡುವ ಕೆಲಸ ಮಾತುಕತೆಯದು, ಲೆಕ್ಕಪತ್ರದ್ದು, ದುಭಾಷಿಯದು. ಬಟ್ಟೆಯನ್ನು ಗಮನಿಸಿ. ಕುದಿಯುವ ಸೆಕೆಯ ಬಂದರಿನಲ್ಲೂ ಅವನದು ಅದೇ ಬಿಳಿ ಅಂಗಿ, ಅದೇ ಟೈ. ಜೊತೆಗಾತಿ ರೆವಿ ಅವನಿಗೆಂದು ಹೂವಿನ ಚಿತ್ತಾರದ ಹವಾಯಿ ಅಂಗಿ ತಂದುಕೊಡುತ್ತಾಳೆ, ಇವನು ಹಾಕಿಕೊಳ್ಳುವುದಿಲ್ಲ. ಹಾಕಿಕೊಂಡರೆ ಅವರಲ್ಲೊಬ್ಬನಾದಂತೆ. ಹಾಗೆಂದು ಹಳೇ ಜೀವನಕ್ಕೂ ದಾರಿಯಿಲ್ಲ, ಅಲ್ಲಿ ಇವನು ಸತ್ತವನು.

ಈ ಇಕ್ಕಟ್ಟು ಜಗಳವಾಗಿ ಬಾಯಿಗೆ ಬರುವುದು ಏಳನೇ ಕಂತಿನಲ್ಲಿ. ಮುಳುಗಿದ ಜರ್ಮನ್ ಜಲಾಂತರ್ಗಾಮಿಯಲ್ಲಿ ಸತ್ತ ನಾವಿಕರ ಪದಕಗಳನ್ನು ರೆವಿ ಬಾಚಿಕೊಳ್ಳಲು ನೋಡಿದ್ದೇ ಇಬ್ಬರ ನಡುವಿನ ಸಿಟ್ಟಿಗೆ ಮೂಲ. ಅವಳ ಪ್ರಕಾರ ಅದು ಲೋಹದ ಚೂರು, ಮಾರಿದರೆ ಕಾಸು. ಇವನ ಪ್ರಕಾರ ಅದನ್ನು ಮುಟ್ಟಬಾರದು. ಊರಿಗೆ ಬಂದಮೇಲೆ ಸಂತೆಯ ನಡುವೆ ಅವಳು ಬಂದೂಕು ತೆಗೆಯುತ್ತಾಳೆ, ಅವನು ಹಿಂದೆ ಸರಿಯುವುದಿಲ್ಲ. ಕಡೆಗೆ ಇಬ್ಬರೂ ಪೊಲೀಸ್ ಕಾರಿನ ಹಿಂದಿನ ಸೀಟಿನಲ್ಲಿ. ಅವಳ ಉರಿಯುವ ಸಿಗರೇಟಿಗೆ ಇವನು ತನ್ನ ಸಿಗರೇಟಿನ ತುದಿ ತಾಗಿಸಿ ಹಚ್ಚಿಕೊಳ್ಳುತ್ತಾನೆ. ರಾಜಿಯ ಮಾತು ಅಷ್ಟೇ. ಸರಣಿ ಹಿಡಿಸಿತೋ ಇಲ್ಲವೋ ಎಂದು ತೀರ್ಮಾನಿಸುವುದಾದರೆ ಈ ಕಂತು ಮುಗಿದ ಮೇಲೆ ತೀರ್ಮಾನಿಸಿ. ‘ಮೂರು ಕಂತು ನೋಡು, ಹಿಡಿಸದಿದ್ದರೆ ಬಿಟ್ಟುಬಿಡು’ ಎಂಬ ಅಭಿಮಾನಿಗಳ ಸೂತ್ರ ಇಲ್ಲಿ ಕೆಲಸಕ್ಕೆ ಬಾರದು.

ತಪ್ಪು ಕಲ್ಪನೆ: ತುಂಡು ಚಡ್ಡಿ, ಎರಡು ಪಿಸ್ತೂಲು, ರೆವಿ ಇರುವುದು ಗಂಡುಕಣ್ಣಿಗೆ.

ವಾಸ್ತವ: ಅರ್ಧ ನಿಜ. ಕ್ಯಾಮೆರಾ ಕೆಲವೆಡೆ ಬೇಕೆಂದೇ ನಿಂತು ನೋಡುತ್ತದೆ, ಅದನ್ನು ಸಮರ್ಥಿಸಬೇಕಿಲ್ಲ. ಆದರೆ ನ್ಯೂಯಾರ್ಕಿನ ಬೀದಿಯಲ್ಲಿ ಬೆಳೆದ ಆ ಚೀನೀ ಮೂಲದ ಹುಡುಗಿಯನ್ನು ಕಥೆ ಮುದ್ದು ಮಾಡುವುದೂ ಇಲ್ಲ, ಕ್ಷಮಿಸುವುದೂ ಇಲ್ಲ. ಕಥೆ ನಡೆಯುವ ಬಂದರು ಊರಿನ ಅತಿ ಭಯಂಕರ ವ್ಯಕ್ತಿಗಳ ಪಟ್ಟಿ ಮಾಡಿದರೆ ಮೇಲಿನ ಸಾಲೆಲ್ಲ ಹೆಂಗಸರೇ.

ತಪ್ಪು ಕಲ್ಪನೆ: ಊರೇ ಕಟ್ಟುಕಥೆ. ಜನ ಇನ್ನೇನಾಗಿರಬೇಕು?

ವಾಸ್ತವ: ರೊವಾನಪುರ ಎಂಬ ಊರು ಥಾಯ್ಲೆಂಡಿನ ಯಾವ ನಕ್ಷೆಯಲ್ಲೂ ಇಲ್ಲ. ಅಲ್ಲಿಗೆ ಬಂದು ಸೇರಿದವರು ಮಾತ್ರ ಚರಿತ್ರೆಯಿಂದಲೇ ಎದ್ದುಬಂದವರು. ಕಾಲ 1990ರ ದಶಕ. ಶೀತಲ ಸಮರ ಮುಗಿದಿದೆ, ಅದಕ್ಕಾಗಿ ತಯಾರಾದ ಮನುಷ್ಯರು ಉಳಿದಿದ್ದಾರೆ. ‘ಹೋಟೆಲ್ ಮಾಸ್ಕೊ’ ಗ್ಯಾಂಗಿನ ಒಡತಿ ಬಾಲಲೈಕಾ ಮತ್ತು ಅವಳ ಹುಡುಗರು ಅಫ್ಘಾನಿಸ್ತಾನದಲ್ಲಿ ಸೋವಿಯತ್ ಒಕ್ಕೂಟಕ್ಕಾಗಿ ಕಾದಾಡಿದ ಪ್ಯಾರಾಟ್ರೂಪರ್‌ಗಳು; 1989ರಲ್ಲಿ ಆ ಸೇನೆ ಹಿಂದೆ ಬಂತು, 1991ರಲ್ಲಿ ದೇಶವೇ ಇಲ್ಲವಾಯಿತು. ಈಗಲೂ ಅವರು ಅವಳಿಗೆ ಕ್ಯಾಪ್ಟನ್‌ಗೆ ಕೊಡುವ ಮರ್ಯಾದೆಯನ್ನೇ ಕೊಡುತ್ತಾರೆ. ಹೆಂಡದಂಗಡಿಯ ಮಾಲೀಕ ಬಾವೊ ದಕ್ಷಿಣ ವಿಯೆಟ್ನಾಮಿನ ಹಳೇ ಸೈನಿಕ. (ಪಾಪ, ಅವನ ಅಂಗಡಿ ಪುಡಿಯಾಗುವುದು ಸರಣಿಯ ಖಾಯಂ ತಮಾಷೆ.) ಮನೆಗೆಲಸದವಳ ವೇಷದಲ್ಲಿ ಬರುವ ರೊಬರ್ಟಾ ಒಂದು ಕಾಲಕ್ಕೆ ಕೊಲಂಬಿಯಾದ ಫಾರ್ಕ್ ಗೆರಿಲ್ಲಾಗಳ ಜೊತೆಗಿದ್ದವಳು.

ಇವರೆಲ್ಲರಿಗಿಂತ ಕಷ್ಟವಾಗುವುದು 13ರಿಂದ 15ನೇ ಕಂತಿನವರೆಗಿನ ಅವಳಿ ಮಕ್ಕಳನ್ನು ನೋಡುವುದು. ರುಮೇನಿಯಾದ ಚೌಷೆಸ್ಕು ಸರ್ಕಾರ ಜನಸಂಖ್ಯೆ ಹೆಚ್ಚಿಸಲು 1966ರಲ್ಲಿ 770ನೇ ಸಂಖ್ಯೆಯ ಆದೇಶ ಹೊರಡಿಸಿ ಗರ್ಭಪಾತವನ್ನು ನಿಷೇಧಿಸಿತು. ಸಾಕಲಾಗದವರು ಮಕ್ಕಳನ್ನು ಅನಾಥಾಲಯಗಳಲ್ಲಿ ಬಿಟ್ಟರು. 1989ರ ಡಿಸೆಂಬರಿನಲ್ಲಿ ಸರ್ಕಾರ ಬಿದ್ದಾಗ ಆ ಅನಾಥಾಲಯಗಳ ಒಳಗಿನ ಸ್ಥಿತಿ ಜಗತ್ತಿಗೆ ಕಂಡಿತು. ಅಲ್ಲಿಂದ ಮಾರಾಟವಾದ ಇಬ್ಬರು ಮಕ್ಕಳು ಏನಾಗಿ ಬೆಳೆಯಬಹುದು ಎಂಬುದೇ ಈ ಮೂರು ಕಂತು. ಲೇಖಕರ ಕಲ್ಪನೆ ಇಲ್ಲಿ ಅತಿಗೆ ಹೋಗಿದೆ ಎನ್ನುವವರಿದ್ದಾರೆ. ನನಗೂ ಒಂದೆರಡು ಕಡೆ ಹಾಗನ್ನಿಸುತ್ತದೆ. ಆದರೆ ಕಥೆ ಹುಟ್ಟಿದ ನೆಲ ಕಲ್ಪನೆಯದಲ್ಲ.

ತಪ್ಪು ಕಲ್ಪನೆ: ಇಂಥದ್ದನ್ನು ತೆಗೆದವರಿಗೆ ರಕ್ತ ಕಂಡರೆ ಖುಷಿ.

ವಾಸ್ತವ: ನಿರ್ದೇಶಕ ಸುನಾವೊ ಕತಾಬುಚಿ. 1989ರ ‘ಕಿಕೀಸ್ ಡೆಲಿವರಿ ಸರ್ವಿಸ್’ ಚಿತ್ರದಲ್ಲಿ ಹಯಾವೊ ಮಿಯಾಜಾಕಿ ಅವರ ಕೈಕೆಳಗೆ ಕೆಲಸ ಮಾಡಿದವರು. ಯುದ್ಧಕಾಲದಲ್ಲಿ ಕುರೆ ಪಟ್ಟಣದ ಸೊಸೆಯೊಬ್ಬಳು ರೇಷನ್ ಅಕ್ಕಿಯಲ್ಲಿ ಸಂಸಾರ ತೂಗಿಸುವ 2016ರ ‘ಇನ್ ದಿಸ್ ಕಾರ್ನರ್ ಆಫ್ ದ ವರ್ಲ್ಡ್’ ಕೂಡ ಅವರದೇ. ಹೆಚ್ಚು ಹೇಳಬೇಕಿಲ್ಲ.

ತಪ್ಪು ಕಲ್ಪನೆ: ಡಬ್ ಆದದ್ದನ್ನು ನೋಡಬಾರದು, ಜಪಾನಿ ಧ್ವನಿಯೇ ಅಸಲಿ.

ವಾಸ್ತವ: ಬೇರೆ ಸರಣಿಗಳಿಗೆ ನಾನೂ ಹಾಗೇ ಹೇಳುತ್ತೇನೆ. ಇಲ್ಲಿ ಪಾತ್ರಗಳು ತಮ್ಮತಮ್ಮಲ್ಲಿ ಆಡುವುದು ಇಂಗ್ಲಿಷ್ ಎಂಬ ಲೆಕ್ಕ; ಜಪಾನಿ ಪ್ರೇಕ್ಷಕರಿಗಾಗಿ ಅದು ಜಪಾನಿ ಆಗಿ ಕೇಳಿಸುತ್ತದೆ. ಎಡವಟ್ಟಾಗುವುದು ಕೊನೆಯ ಆರು ಕಂತುಗಳಲ್ಲಿ. ರಾಕ್ ಮತ್ತು ರೆವಿ ಜಪಾನಿಗೆ ಬರುತ್ತಾರೆ, ರೆವಿಗೆ ಜಪಾನಿ ಬಾರದು, ಹಾಗಾಗಿ ಜಪಾನಿ ಕಲಾವಿದರೇ ಪುಟಗಟ್ಟಲೆ ಇಂಗ್ಲಿಷ್ ಬೈಗುಳ ಹೇಳಬೇಕಾಗುತ್ತದೆ. ಜಪಾನಿಯಲ್ಲಿ ರೆವಿಗೆ ಧ್ವನಿ ಕೊಟ್ಟ ಮೆಗುಮಿ ತೊಯೊಗುಚಿ ಒಳ್ಳೆಯ ಕಲಾವಿದೆ, ಆದರೆ ಆ ಸಂಭಾಷಣೆ ಕಿವಿಗೆ ಕಲ್ಲು. ಇಂಗ್ಲಿಷ್ ಡಬ್‌ನಲ್ಲಿ ರೆವಿಯಾದ ಮೇರಿಕ್ ಹೆಂಡ್ರಿಕ್ಸೆ ಬಾಯಲ್ಲಿ ಅದೇ ಬೈಗುಳ ಊಟಕ್ಕೆ ಕೂತಷ್ಟು ಸಹಜ.

ತಪ್ಪು ಕಲ್ಪನೆ: ಆರಂಭ ಗಟ್ಟಿಯಿದ್ದರೆ ಕೊನೆಯೂ ಗಟ್ಟಿ.

ವಾಸ್ತವ: ಇದಕ್ಕೆ ಬೇರೊಂದು ಸರಣಿಯನ್ನು ನೋಡಬೇಕು. ಕೊಹ್ಸ್ಕೆ ಅವರ ಮಾಂಗಾ ಆಧರಿಸಿ 2015ರ ಜುಲೈನಲ್ಲಿ ಬಂದ ‘ಗ್ಯಾಂಗ್‌ಸ್ಟಾ’ದ ಆರಂಭ ‘ಬ್ಲ್ಯಾಕ್ ಲಗೂನ್’ಗಿಂತ ನಯವಾಗಿತ್ತು. ಗ್ಯಾಂಗುಗಳಿಗೂ ಪೊಲೀಸರಿಗೂ ಬೇಕಾದ ಕೊಳಕು ಕೆಲಸ ಮಾಡಿಕೊಡುವ ಇಬ್ಬರು ಗೆಳೆಯರು. ಅವರಲ್ಲಿ ನಿಕೊಲಸ್‌ಗೆ ಕಿವಿ ಕೇಳದು. ಅವನು ಕೈಸನ್ನೆಯಲ್ಲಿ ಮಾತಾಡುವುದನ್ನು ಸರಣಿ ವಿಚಿತ್ರವೆಂಬಂತೆ ತೋರಿಸದೆ ದಿನನಿತ್ಯದ ಮಾತಿನಂತೆ ತೋರಿಸಿತು. ಆದರೆ ಹೋಗ್ತಾ ಹೋಗ್ತಾ ಚಿತ್ರಗಳು ಸೊರಗಿದವು, 12ನೇ ಕಂತು ಕಥೆಯನ್ನು ನಡುದಾರಿಯಲ್ಲಿ ಬಿಟ್ಟು ನಿಂತಿತು. ಸೋಮಾರಿತನ ಎಂದು ಬೈದವರಿಗೆ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಸಿಕ್ಕಿತು: ಸರಣಿ ಮುಗಿಯುತ್ತಲೇ ಅದನ್ನು ತಯಾರಿಸಿದ ಮ್ಯಾಂಗ್ಲೋಬ್ ಸ್ಟುಡಿಯೊ ದಿವಾಳಿ. ‘ಸಮುರಾಯ್ ಚಂಪ್ಲೂ’ ಕೊಟ್ಟ ಸಂಸ್ಥೆ ಅದು. ಈ ಉದ್ಯಮದ ಹಣದ ಲೆಕ್ಕವೇ ಬೇರೆ: ಜಪಾನಿನಲ್ಲಿ ಸಾಮಾನ್ಯವಾಗಿ ಅನಿಮೆಗೆ ಪ್ರಕಾಶಕರು, ಟೀವಿ, ಆಟಿಕೆ ಮತ್ತು ಸಂಗೀತ ಕಂಪನಿಗಳು ಸಮಿತಿ ಮಾಡಿಕೊಂಡು ಬಂಡವಾಳ ಹಾಕುತ್ತವೆ, ಲಾಭವನ್ನೂ ಹಂಚಿಕೊಳ್ಳುತ್ತವೆ. ಬಂಡವಾಳ ಹಾಕದ ಸ್ಟುಡಿಯೊಗೆ ಸಿಗುವುದು ಕೂಲಿ. ಸರಣಿ ಗೆದ್ದರೂ ಅದರ ಗಲ್ಲಾಪೆಟ್ಟಿಗೆ ಇನ್ನೊಬ್ಬರ ಮನೆಯಲ್ಲಿ.

ತಪ್ಪು ಕಲ್ಪನೆ: ಗ್ಯಾಂಗ್ ಕಥೆ ಹುಡುಗರ ಸೊತ್ತು.

ವಾಸ್ತವ: ನ್ಯೂಯಾರ್ಕಿನ ಗ್ಯಾಂಗುಗಳ ಕಥೆ ‘ಬನಾನಾ ಫಿಶ್’ ಬರೆದವರು ಅಕಿಮಿ ಯೊಶಿದಾ ಎಂಬ ಮಹಿಳೆ. ಅದು 1985ರಿಂದ 1994ರವರೆಗೆ ಧಾರಾವಾಹಿಯಾಗಿ ಬಂದದ್ದು ಹುಡುಗಿಯರ ಮಾಂಗಾ ಪತ್ರಿಕೆಯಲ್ಲಿ. 2018ರ ಅನಿಮೆಯನ್ನು ನಿರ್ದೇಶಿಸಿದವರೂ ಮಹಿಳೆಯೇ, ಹಿರೊಕೊ ಉತ್ಸುಮಿ.

ತಪ್ಪು ಕಲ್ಪನೆ: ಕಾರ್ಟೂನ್ ತಾನೆ, ಮಕ್ಕಳು ನೋಡಿಕೊಳ್ಳಲಿ ಬಿಡಿ.

ವಾಸ್ತವ: ಬೇಡ. ‘ಬ್ಲ್ಯಾಕ್ ಲಗೂನ್’ನ ಬೈಗುಳ, ರಕ್ತ ಹಾಗಿರಲಿ, ಆ ಅವಳಿಗಳ ಮೂರು ಕಂತು ದೊಡ್ಡವರಿಗೇ ಭಾರ. ಹೈಸ್ಕೂಲಿನ ಹುಡುಗ ಹೆಸರು ಕೇಳಿ ಬಂದು ಪಟ್ಟು ಹಿಡಿದರೆ ಸದ್ಯಕ್ಕೆ ‘ಕೌಬಾಯ್ ಬೀಬಾಪ್’ ತೋರಿಸಿ. ಅದರಲ್ಲೂ ಗುಂಡು, ಸಿಗರೇಟು ಇವೆ, ಜೊತೆಗೊಂದು ನಾಯಿಯೂ ಇದೆ.